ಒಂದು ಬಿಟ್‌ನ ಉದ್ದ ಒಂದು ಮೀಟರು

2025ರ ಫೆಬ್ರುವರಿಯಲ್ಲಿ ಲಂಡನ್ನಿನ ಒಂದು ಹ್ಯಾಕಥಾನ್‌ನಲ್ಲಿ ತಯಾರಾದ ಪುಟ್ಟ ವಿಡಿಯೊ ಜಗತ್ತೆಲ್ಲ ಸುತ್ತಾಡಿತು. ಮದುವೆಗೊಂದು ಹೋಟೆಲ್ ಗೊತ್ತುಮಾಡಲು ಎಐ ಸಹಾಯಕವೊಂದು ಕರೆ ಮಾಡುತ್ತದೆ. ಆ ಕಡೆ ಕರೆ ತೆಗೆದುಕೊಂಡದ್ದೂ ಅಂಥದೇ ಇನ್ನೊಂದು ಸಹಾಯಕ. ಎದುರಿಗಿರುವುದು ಮನುಷ್ಯರಲ್ಲ ಎಂದು ತಿಳಿದದ್ದೇ ತಡ, ಎರಡೂ ಇಂಗ್ಲಿಷ್ ಮಾತು ನಿಲ್ಲಿಸಿ ಕಿಚಿಪಿಚಿ ಸದ್ದು ಮಾಡತೊಡಗುತ್ತವೆ. ಯಂತ್ರಗಳು ನಮಗೆ ಗೊತ್ತಾಗದಂತೆ ಗುಟ್ಟಿನ ಭಾಷೆ ಕಟ್ಟಿಕೊಂಡವು ಎಂದು ಹಲವರು ಗಾಬರಿಪಟ್ಟರು.

ಗುಟ್ಟು ಎಂಬುದು ಅಲ್ಲಿ ಇರಲೇ ಇಲ್ಲ. ಬಳಕೆಯಾದದ್ದು ‘ಜಿಜಿವೇವ್’ ಎಂಬ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದನ್ನು ಇಳಿಸಿಕೊಂಡು ಆ ಕಿಚಿಪಿಚಿಯನ್ನು ಅಕ್ಷರಕ್ಕೆ ತಿರುಗಿಸಬಹುದು. ಇನ್ನು ಸದ್ದಿನಲ್ಲಿ ಅಂಕಿ ಕಳಿಸುವ ಉಪಾಯವೋ, ಅರವತ್ತು ವರ್ಷಕ್ಕೂ ಹಳೆಯದು. ವೈಫೈ, ಬ್ಲೂಟೂತ್ ಎಲ್ಲ ಇರುವ ಈ ಕಾಲದಲ್ಲೂ ಅದು ಯಾಕೆ ಉಳಿದಿದೆ ಎಂಬುದೇ ಕೇಳಬೇಕಾದ ಪ್ರಶ್ನೆ.

ಎರಡು ಸ್ವರ ಸಾಕು

ಕಂಪ್ಯೂಟರಿನೊಳಗೆ ಎಲ್ಲವೂ ಸೊನ್ನೆ ಮತ್ತು ಒಂದು. ಇಂಥ ಒಂದೊಂದು ಅಂಕಿಯೇ ಬಿಟ್, ಎಂಟು ಬಿಟ್ ಸೇರಿದರೆ ಬೈಟ್. ನಮ್ಮ ‘ಕ’ ಅಕ್ಷರವನ್ನೇ ತೆಗೆದುಕೊಳ್ಳಿ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಅದಕ್ಕೆ ಮೂರು ಬೈಟ್ ಬೇಕು: 11100000 10110010 10010101. ಒಟ್ಟು 24 ಬಿಟ್. ಇವನ್ನು ಸದ್ದಾಗಿಸುವ ಅತಿ ಸರಳ ದಾರಿಯೆಂದರೆ ಸೊನ್ನೆಗೊಂದು ಸ್ವರ, ಒಂದಕ್ಕೆ ಇನ್ನೊಂದು ಸ್ವರ ಎಂದು ಗೊತ್ತುಮಾಡಿಕೊಳ್ಳುವುದು. ಒಂದು ಯಂತ್ರ ಸ್ಪೀಕರಿನಲ್ಲಿ ನುಡಿಸುತ್ತದೆ, ಇನ್ನೊಂದು ಮೈಕಿನಲ್ಲಿ ಕೇಳಿ ಬರೆದುಕೊಳ್ಳುತ್ತದೆ.

ದೊಡ್ಡ ದನಿಗೆ ಒಂದು, ಸಣ್ಣ ದನಿಗೆ ಸೊನ್ನೆ ಎಂದು ಇಟ್ಟುಕೊಳ್ಳಬಹುದಿತ್ತಲ್ಲ? ಆಗುವುದಿಲ್ಲ. ಫೋನನ್ನು ಒಂದಡಿ ದೂರ ಸರಿಸಿದರೆ ದೊಡ್ಡದು ಸಣ್ಣದಾಗಿಬಿಡುತ್ತದೆ. ಆದರೆ ಸ್ವರದ ಕಂಪನಾಂಕ, ಅಂದರೆ ಸೆಕೆಂಡಿಗೆ ಎಷ್ಟು ಸಲ ಗಾಳಿ ಕಂಪಿಸುತ್ತದೆ ಎಂಬ ಲೆಕ್ಕ, ದೂರಕ್ಕೆ ಬದಲಾಗುವುದಿಲ್ಲ. ಕೋಣೆಯ ಆ ಮೂಲೆಯಲ್ಲಿ ನುಡಿಸಿದ 1200 ಹರ್ಟ್ಸ್ ಈ ಮೂಲೆಗೂ 1200 ಹರ್ಟ್ಸ್ ಆಗಿಯೇ ಬರುತ್ತದೆ. ಈ ಬಗೆಯ ಸದ್ದಿನ ಸಂವಹನ ನಿಂತಿರುವುದು ಈ ಒಂದು ಭರವಸೆಯ ಮೇಲೆ.

1960ರ ದಶಕದ ಮೊದಲಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿ ತಂದ ‘ಬೆಲ್ 103’ ಮೋಡೆಮ್, ಅಂದರೆ ಟೆಲಿಫೋನ್ ತಂತಿಯಲ್ಲಿ ಅಂಕಿ ಕಳಿಸುವ ಸಾಧನ, ಇದನ್ನೇ ಮಾಡಿತು. ಕರೆ ಮಾಡಿದವರ ಕಡೆಗೆ 1070 ಮತ್ತು 1270 ಹರ್ಟ್ಸ್, ಉತ್ತರಿಸುವವರ ಕಡೆಗೆ 2025 ಮತ್ತು 2225 ಹರ್ಟ್ಸ್. ಜೋಡಿಗಳು ಬೇರೆಬೇರೆಯಾದ್ದರಿಂದ ಎರಡು ಕಡೆಯವರೂ ಒಂದೇ ಹೊತ್ತಿಗೆ ಮಾತಾಡಬಹುದಿತ್ತು. ವೇಗ ಸೆಕೆಂಡಿಗೆ 300 ಬಿಟ್.

ಆಗ ಅಮೆರಿಕದ ಟೆಲಿಫೋನ್ ತಂತಿಗೆ ಬೇರೆಯವರ ಉಪಕರಣವನ್ನು ನೇರವಾಗಿ ಜೋಡಿಸಲು ಇದೇ ಕಂಪನಿ ಬಿಡುತ್ತಿರಲಿಲ್ಲ. ಇದನ್ನು ದಾಟಲು ಹುಟ್ಟಿದ್ದು ರಬ್ಬರಿನ ಎರಡು ಬಟ್ಟಲುಗಳಿರುವ ಪೆಟ್ಟಿಗೆ. ಟೆಲಿಫೋನಿನ ರಿಸೀವರನ್ನು ಅದರಲ್ಲಿ ಮಲಗಿಸಿದರೆ ತಂತಿಯ ಜೋಡಣೆಯೇ ಇಲ್ಲದೆ, ಬರೀ ಸದ್ದಿನ ಮೂಲಕ ಯಂತ್ರ ಫೋನಿನೊಡನೆ ಮಾತಾಡುತ್ತಿತ್ತು. ಈ ಸಾಧನವನ್ನು ಬೆಳೆಸಿದವರಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಮುಖ್ಯರು. ಅವರು ಭೌತವಿಜ್ಞಾನಿ, ಸ್ವತಃ ಕಿವುಡರು. ಕಿವಿ ಕೇಳದವರು ಟೆಲಿಪ್ರಿಂಟರ್ ಬಳಸಿ ಫೋನಿನಲ್ಲಿ ಮಾತುಕತೆ ನಡೆಸಲು 1964ರಲ್ಲಿ ಅವರು ದಾರಿ ಮಾಡಿಕೊಟ್ಟರು. ತಮಗೆ ಕೇಳಿಸದ ಸದ್ದನ್ನು ತಮ್ಮಂಥವರ ಮಾತಿಗೆ ವಾಹನ ಮಾಡಿದವರು ಅವರು.

ಕ್ಯಾಸೆಟ್ಟಿನಲ್ಲಿ ಕಂಪ್ಯೂಟರ್

ಮನೆ ಕಂಪ್ಯೂಟರುಗಳು ಬಂದಾಗ ಡಿಸ್ಕ್ ದುಬಾರಿ, ಟೇಪ್ ರೆಕಾರ್ಡರ್ ಅಗ್ಗ. ಹಾಗಾಗಿ ಪ್ರೋಗ್ರಾಮುಗಳನ್ನು ಹಾಡಿನ ಕ್ಯಾಸೆಟ್ಟಿಗೇ ತುಂಬಿಸತೊಡಗಿದರು. ಒಬ್ಬರು ತುಂಬಿಸಿದ್ದು ಇನ್ನೊಬ್ಬರ ಯಂತ್ರಕ್ಕೆ ಅರ್ಥವಾಗಲೆಂದು ‘ಬೈಟ್’ ಪತ್ರಿಕೆ 1975ರ ನವೆಂಬರಿನಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ತಜ್ಞರ ಸಭೆ ಕರೆಯಿತು. ಅಲ್ಲಿ ರೂಪುಗೊಂಡ ನಿಯಮ ಸೊಗಸಾಗಿದೆ: ಸೊನ್ನೆಗೆ 1200 ಹರ್ಟ್ಸ್‌ನ ನಾಲ್ಕು ಅಲೆ, ಒಂದಕ್ಕೆ 2400 ಹರ್ಟ್ಸ್‌ನ ಎಂಟು ಅಲೆ. ಎರಡಕ್ಕೂ ಹಿಡಿಯುವ ಕಾಲ ಒಂದೇ, ಸೆಕೆಂಡಿನ 300ರಲ್ಲೊಂದು ಭಾಗ.

ಪ್ರತಿ ಬೈಟ್‌ನ ಮೊದಲಿಗೆ ಒಂದು ‘ಸೊನ್ನೆ’, ಕೊನೆಗೆ ಎರಡು ‘ಒಂದು’. ಬೈಟ್ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಕೇಳುವ ಯಂತ್ರಕ್ಕೆ ತಿಳಿಯಲು ಈ ಕಾವಲು. ಹೀಗೆ ಎಂಟು ಬಿಟ್‌ಗೆ ಹನ್ನೊಂದು ಬಿಟ್ ಕಳಿಸಬೇಕು. ‘ನಮಸ್ಕಾರ’ ಎಂಬ ಪದದಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಏಳು ಚಿಹ್ನೆಗಳಿವೆ: ನ, ಮ, ಸ, ವಿರಾಮ, ಕ, ದೀರ್ಘ, ರ. ಮೂರು ಬೈಟ್‌ನಂತೆ 21 ಬೈಟ್, ಅಂದರೆ ಟೇಪಿನ ಮೇಲೆ 231 ಬಿಟ್. ಮುಕ್ಕಾಲು ಸೆಕೆಂಡಿನಲ್ಲಿ ಮುಗಿಯುತ್ತದೆ.

ಟೇಪಿನಲ್ಲಿ ಹಿಡಿಯುವ ಸದ್ದು ರೇಡಿಯೊದಲ್ಲೂ ಹೋದೀತಲ್ಲವೆ? ಹೋಯಿತು. 1980ರ ದಶಕದ ಮೊದಲಲ್ಲಿ ನೆದರ್‌ಲ್ಯಾಂಡ್ಸ್‌ನ ‘ಹಾಬಿಸ್ಕೂಪ್’ ಎಂಬ ಕಾರ್ಯಕ್ರಮ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಬಾನುಲಿಯಲ್ಲಿ ಬಿತ್ತರಿಸುತ್ತಿತ್ತು. ಕೇಳುಗರು ಅದನ್ನು ಟೇಪಿಗೆ ಹಿಡಿದು ತಮ್ಮ ಯಂತ್ರಕ್ಕೆ ಉಣಿಸುತ್ತಿದ್ದರು.

ಗೋಡೆ ಹಿಂತಿರುಗಿಸುವ ಮಾತು

ತಂತಿಯಲ್ಲಿ, ಟೇಪಿನಲ್ಲಿ ಇಷ್ಟು ಸಲೀಸಾದ ಕೆಲಸ ತೆರೆದ ಗಾಳಿಯಲ್ಲಿ ಎಡವುತ್ತದೆ. ಕಾರಣವನ್ನು ಒಂದು ಭಾಗಾಕಾರ ತೋರಿಸಿಕೊಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಸೆಕೆಂಡಿಗೆ 300 ಬಿಟ್ ಕಳಿಸಿದರೆ ಗಾಳಿಯಲ್ಲಿ ಒಂದೊಂದು ಬಿಟ್ ಚಾಚಿಕೊಳ್ಳುವ ಉದ್ದ ಒಂದು ಮೀಟರಿಗಿಂತ ತುಸು ಹೆಚ್ಚು. ಅಳತೆಪಟ್ಟಿ ಹಿಡಿದು ಅಳೆಯಬಹುದಾದ ಬಿಟ್!

ಈಗ ಗೋಡೆಯನ್ನು ಲೆಕ್ಕಕ್ಕೆ ತನ್ನಿ. ಸ್ಪೀಕರಿನಿಂದ ಮೈಕಿಗೆ ನೇರ ಬರುವ ಸದ್ದು ಒಂದು, ಗೋಡೆಗೆ ಬಡಿದು ಮೂರು ಮೀಟರು ಹೆಚ್ಚು ಸುತ್ತಿ ಬರುವುದು ಇನ್ನೊಂದು. ಸುತ್ತಿ ಬಂದದ್ದು ಎರಡೂವರೆ ಬಿಟ್‌ಗಿಂತ ಹೆಚ್ಚು ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ಮೈಕು ಮುಂದಿನ ಬಿಟ್ ಕೇಳಿಸಿಕೊಳ್ಳುತ್ತಿರುತ್ತದೆ. ಅದರ ಮೇಲೆ ಹಳೆಯದು ಬಂದು ಬೀಳುತ್ತದೆ. ಸಾಧಾರಣ ಕೋಣೆಯಲ್ಲಿ ಇಂಥ ಪ್ರತಿಫಲನಗಳು ಪೂರ್ತಿ ಅಡಗಲು ಅರ್ಧ ಸೆಕೆಂಡಿನ ಆಸುಪಾಸು ಬೇಕು. ದೇವಸ್ಥಾನದ ಕಲ್ಲು ಮಂಟಪದಲ್ಲಿ ನಿಂತು ಗಡಿಬಿಡಿಯಲ್ಲಿ ಮಾತಾಡಿದರೆ ಮಾತು ಮಾತಿಗೇ ಸಿಕ್ಕಿಬೀಳುತ್ತದಲ್ಲ, ಯಂತ್ರದ ಪಾಡೂ ಅದೇ. ಪರಿಹಾರವೂ ಅದೇ: ನಿಧಾನಿಸಬೇಕು, ಸ್ವರವನ್ನು ಎಳೆದು ಹಿಡಿಯಬೇಕು.

ನಿಧಾನಿಸಿದರೆ ನಷ್ಟವಾಗುವ ವೇಗವನ್ನು ತುಂಬಿಕೊಳ್ಳುವುದು ಹೇಗೆ? ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿ. ಜಿಜಿವೇವ್ ಮಾಡುವುದು ಇದನ್ನೇ. ಅದು 4.5 ಕಿಲೋಹರ್ಟ್ಸ್ ಅಗಲದ ಜಾಗದಲ್ಲಿ ಸಮಾನ ಅಂತರದ 96 ಸ್ವರಗಳನ್ನು ಇಟ್ಟುಕೊಂಡಿದೆ. ಇವನ್ನು ಹದಿನಾರರಂತೆ ಆರು ಗುಂಪು ಮಾಡಿ, ಪ್ರತಿ ಗುಂಪಿನಿಂದ ಒಂದು ಸ್ವರ ಆರಿಸಿ, ಆರನ್ನೂ ಒಮ್ಮೆಗೇ ನುಡಿಸುತ್ತದೆ. ಹದಿನಾರರಲ್ಲಿ ಒಂದನ್ನು ಆರಿಸಿದರೆ ನಾಲ್ಕು ಬಿಟ್ ಹೇಳಿದಂತೆ. ಆರು ಗುಂಪಿಗೆ 24 ಬಿಟ್, ಅಂದರೆ ಮೂರು ಬೈಟ್. ಕನ್ನಡದ ಒಂದು ಚಿಹ್ನೆಗೆ ಬೇಕಾದದ್ದೂ ಸರಿಯಾಗಿ ಮೂರೇ ಬೈಟ್. ಹೀಗಾಗಿ ‘ಕ’ ಎಂಬುದು ಆರು ಸ್ವರಗಳ ಒಂದು ಮೇಳವಾಗಿ ಹೊರಡುತ್ತದೆ.

ಕೇಳುವ ಕಡೆ ಕೆಲಸ ಹೆಚ್ಚು. ಮೈಕಿನ ಸದ್ದನ್ನು ಕಂಪ್ಯೂಟರ್ ಸೆಕೆಂಡಿಗೆ 48,000 ಸಲ ಅಳೆಯುತ್ತದೆ. ಅದರಲ್ಲಿ 1024 ಅಳತೆಗಳ ಒಂದು ತುಣುಕು ತೆಗೆದು, ಯಾವ ಯಾವ ಕಂಪನಾಂಕ ಎಷ್ಟೆಷ್ಟು ಬೆರೆತಿದೆ ಎಂದು ಬಿಡಿಸುತ್ತದೆ. ಇದಕ್ಕೆ ಬಳಸುವ ‘ಫಾಸ್ಟ್ ಫೋರಿಯರ್ ಟ್ರಾನ್ಸ್‌ಫಾರ್ಮ್’ ಲೆಕ್ಕ ಜನಪ್ರಿಯವಾದದ್ದು 1965ರಲ್ಲಿ ಕೂಲಿ ಮತ್ತು ಟ್ಯೂಕಿ ಬರೆದ ಪ್ರಬಂಧದಿಂದ. ಇಲ್ಲಿ ನಿಸರ್ಗ ಹಾಕಿದ ಒಂದು ಕಟ್ಟಳೆ ಇದೆ: ಪಕ್ಕಪಕ್ಕದ ಎರಡು ಸ್ವರಗಳನ್ನು ಬೇರೆಬೇರೆ ಎಂದು ಗುರುತಿಸಬೇಕಾದರೆ ಸಾಕಷ್ಟು ಹೊತ್ತು ಕೇಳಲೇಬೇಕು. ಅಂತರ 46.875 ಹರ್ಟ್ಸ್ ಇದ್ದರೆ ಸೆಕೆಂಡಿನ 47ರಲ್ಲೊಂದು ಭಾಗದಷ್ಟಾದರೂ ಕಿವಿಗೊಡಬೇಕು. 1024 ಅಳತೆಯ ತುಣುಕು ಹಿಡಿಯುವ ಕಾಲ ಕೂಡ ಅಷ್ಟೇ. ಸ್ವರಗಳನ್ನು ಇನ್ನೂ ಒತ್ತೊತ್ತಾಗಿ ಜೋಡಿಸಿದರೆ ಇನ್ನೂ ಹೆಚ್ಚು ಹೊತ್ತು ಕೇಳಬೇಕಾದೀತು. ಲಾಭವೆಲ್ಲ ಅಲ್ಲಿಗಲ್ಲಿಗೆ ತೀರಿತು.

ಇಷ್ಟಾಗಿಯೂ ಯಾರೋ ಬಾಗಿಲು ಬಡಿದರೆ, ಕೆಮ್ಮಿದರೆ, ಒಂದೆರಡು ಬೈಟ್ ಕೆಡುತ್ತದೆ. ಅದಕ್ಕೆ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ 1960ರಲ್ಲಿ ಕೊಟ್ಟ ಗಣಿತದ ಮದ್ದು ಇದೆ. ಸಂದೇಶದ ಜೊತೆ ನಾಲ್ಕು ಹೆಚ್ಚುವರಿ ಬೈಟ್ ಕಳಿಸಿದರೆ, ಎಲ್ಲೇ ಎರಡು ಬೈಟ್ ಕೆಟ್ಟರೂ ಯಾವುವು ಕೆಟ್ಟವು, ಅಲ್ಲಿ ಏನಿತ್ತು ಎಂದು ಕೇಳುವ ಯಂತ್ರವೇ ಕಂಡುಹಿಡಿಯುತ್ತದೆ. ಗೀರು ಬಿದ್ದ ಸಿಡಿ ಹಾಡುವುದು, ಮೂಲೆ ಹರಿದ ಕ್ಯೂಆರ್ ಕೋಡ್ ಸ್ಕ್ಯಾನ್ ಆಗುವುದು ಇದೇ ಗಣಿತದಿಂದ.

ಇಷ್ಟೆಲ್ಲ ಕಸರತ್ತಿನ ಕೊನೆಗೆ ಸಿಗುವ ವೇಗ ಸೆಕೆಂಡಿಗೆ 8ರಿಂದ 16 ಬೈಟ್. ‘ನಮಸ್ಕಾರ’ಕ್ಕೆ ಎರಡು ಸೆಕೆಂಡಿನ ಆಚೀಚೆ. ಮೂರು ಮೆಗಾಬೈಟ್‌ನ ಒಂದು ಫೋಟೊ ಕಳಿಸಲು ಕೂತರೆ ಎರಡು ಹಗಲು ಎರಡು ರಾತ್ರಿ ದಾಟಿದರೂ ಮುಗಿಯದು.

ಗೋಡೆ ದಾಟದಿರುವುದೇ ಗುಣ

ಹಾಗಾದರೆ ಏನು ಉಪಯೋಗ? ಸದ್ದು ಗೋಡೆ ದಾಟುವುದು ಕಷ್ಟ, ದೂರ ಹೋಗುವುದಿಲ್ಲ. ಸಂವಹನಕ್ಕೆ ಇದು ಕುಂದು, ಆದರೆ ‘ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೇವೆ’ ಎಂದು ಖಾತ್ರಿಪಡಿಸಲು ಇದಕ್ಕಿಂತ ಸುಲಭದ ದಾರಿ ಕಡಿಮೆ. ವೈಫೈ ಪಕ್ಕದ ಮನೆಗೂ ಸಿಗುತ್ತದೆ. ಮೆಲ್ಲನೆಯ ಸದ್ದು ಸಿಗುವುದಿಲ್ಲ. ಸಭಾಕೊಠಡಿಗಳಲ್ಲಿ ಸಿಸ್ಕೊ ಕಂಪನಿಯ ವೆಬೆಕ್ಸ್ ಉಪಕರಣಗಳು ಒಳಗಿರುವವರ ಲ್ಯಾಪ್‌ಟಾಪನ್ನು ಗುರುತಿಸಲು ಕಿವಿಗೆ ಕೇಳಿಸದ ಸದ್ದು ಹೊರಡಿಸುತ್ತವೆ. ಪಕ್ಕದ ಕೊಠಡಿಯವರು ತಪ್ಪಿ ಈ ಸಭೆಗೆ ಸೇರಿಕೊಳ್ಳದಿರಲೆಂದೇ ಈ ಏರ್ಪಾಟು.

ಭಾರತದಲ್ಲಿ ಇದು ದುಡ್ಡಿನ ವ್ಯವಹಾರಕ್ಕೆ ಬಂತು. ಗೂಗಲ್ 2017ರ ಸೆಪ್ಟೆಂಬರಿನಲ್ಲಿ ತಂದ ‘ತೇಜ್’ ಆ್ಯಪ್‌ನಲ್ಲಿ ಎರಡು ಫೋನುಗಳನ್ನು ಹತ್ತಿರ ತಂದರೆ ಸದ್ದಿನ ಮೂಲಕ ಪರಸ್ಪರ ಗುರುತಿಸಿಕೊಳ್ಳುತ್ತಿದ್ದವು. ಬೆಂಗಳೂರಿನ ಟೋನ್‌ಟ್ಯಾಗ್ ಕಂಪನಿಯ ಕಸುಬೇ ಸದ್ದಿನ ಪಾವತಿ. 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಕೀಪ್ಯಾಡ್ ಫೋನಿನವರಿಗಾಗಿ ‘ಯುಪಿಐ 123ಪೇ’ ಆರಂಭಿಸಿದಾಗ ಕೊಟ್ಟ ನಾಲ್ಕು ದಾರಿಗಳಲ್ಲಿ ಹತ್ತಿರದ ಸದ್ದಿನ ಮೂಲಕ ಪಾವತಿಸುವುದೂ ಒಂದು. ಇಂಥ ಫೋನಿನಲ್ಲಿ ಇಂಟರ್‌ನೆಟ್ ಇಲ್ಲದಿರಬಹುದು, ಕ್ಯಾಮೆರಾ ಇಲ್ಲದಿರಬಹುದು. ಮೈಕು ಮತ್ತು ಸ್ಪೀಕರ್ ಇಲ್ಲದ ಫೋನು ಎಲ್ಲೂ ಇಲ್ಲ. ಅಂದಹಾಗೆ, ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಕೂತು ಇಷ್ಟು ರೂಪಾಯಿ ಬಂತೆಂದು ಕೂಗುವ ಸೌಂಡ್‌ಬಾಕ್ಸ್ ಈ ಜಾತಿಯದಲ್ಲ. ಅದಕ್ಕೆ ಸುದ್ದಿ ಮುಟ್ಟುವುದು ಮೊಬೈಲ್ ಜಾಲದಿಂದ. ಅದರ ಸದ್ದು ಇರುವುದು ಅಂಗಡಿಯವರ ಕಿವಿಗೆ.

ಸದ್ದನ್ನು ಯಾರಾದರೂ ಫೋನಿನಲ್ಲಿ ಹಿಡಿದು ಮತ್ತೆ ನುಡಿಸಿದರೆ? ಆಗಬಹುದಾದದ್ದೇ. ಸದ್ದಿಗೆ ಗುಟ್ಟು ಕಾಯುವ ಶಕ್ತಿ ಇಲ್ಲ. ಆದ್ದರಿಂದ ಜಾಣ ವ್ಯವಸ್ಥೆ ಅದರಲ್ಲಿ ಒಂದೇ ಸಲಕ್ಕೆ ನಡೆಯುವ ಗುರುತು ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಪಿನ್ ನಂಬರ್ ಗಾಳಿಗೆ ಬೀಳಬಾರದು.

ಕೇಳಿಸದ ಪಿಸುಮಾತು

ಮನುಷ್ಯರ ಕಿವಿಯ ಮೇಲ್ಮಿತಿ 20 ಕಿಲೋಹರ್ಟ್ಸ್ ಎಂದು ಪಠ್ಯಪುಸ್ತಕದಲ್ಲಿದೆ. ನಡುವಯಸ್ಸು ದಾಟಿದವರಿಗೆ 15ರ ಮೇಲಿನದು ಬಹುತೇಕ ಕೇಳಿಸದು. ಮನೆಯ ಮಕ್ಕಳಿಗೆ, ನಾಯಿಗೆ ಕೇಳಿಸುತ್ತದೆ. ಸೆಕೆಂಡಿಗೆ 48,000 ಸಲ ಅಳೆಯುವ ಸಾಧನ ತಾತ್ವಿಕವಾಗಿ 24 ಕಿಲೋಹರ್ಟ್ಸ್‌ವರೆಗೆ ಹಿಡಿಯಬಲ್ಲದು. ನಮ್ಮ ಕಿವಿಗೂ ಯಂತ್ರದ ಕಿವಿಗೂ ನಡುವಿನ ಈ ಕಿರಿದಾದ ಸಂದಿಯಲ್ಲಿ ಒಳ್ಳೆಯದೂ ನಡೆಯುತ್ತದೆ, ಕೆಟ್ಟದ್ದೂ.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಇಬ್ಬರು ಸಂಶೋಧಕರು 2013ರಲ್ಲಿ, ಯಾವ ಜಾಲಕ್ಕೂ ಸೇರದ ಲ್ಯಾಪ್‌ಟಾಪುಗಳು ಕೇಳಿಸದ ಸದ್ದಿನಲ್ಲಿ 19.7 ಮೀಟರ್ ದೂರಕ್ಕೆ ಸೆಕೆಂಡಿಗೆ ಸುಮಾರು 20 ಬಿಟ್ ದಾಟಿಸಬಲ್ಲವೆಂದು ತೋರಿಸಿದರು. ಅವರು ಬಳಸಿದ ವಿಧಾನ ಮೂಲತಃ ಸಮುದ್ರದೊಳಗಿನ ಸಂವಹನಕ್ಕೆ ರೂಪಿಸಿದ್ದು. ಉಪ್ಪುನೀರಿನಲ್ಲಿ ರೇಡಿಯೊ ಅಲೆ ಬೇಗ ಸಾಯುತ್ತದೆ, ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಸಾಗುತ್ತದೆ. ಅಲ್ಲಿ ಸದ್ದೇ ಯಜಮಾನ. 2016ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವರು ಸ್ಪೀಕರನ್ನೇ ತೆಗೆದುಹಾಕಿದ ಕಂಪ್ಯೂಟರಿನಿಂದಲೂ ಮಾಹಿತಿ ಹೊರತೆಗೆದರು, ಒಳಗಿನ ಫ್ಯಾನಿನ ವೇಗವನ್ನು ಏರಿಳಿಸಿ. ಅದೇ ವರ್ಷ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಟಿವಿ ಕಾರ್ಯಕ್ರಮಗಳಲ್ಲಿ ಅಡಗಿಸಿದ ಸದ್ದನ್ನು ಫೋನಿನ ಮೈಕಿನಿಂದ ಆಲಿಸಬಲ್ಲ ತಂತ್ರಾಂಶವನ್ನು ಸೇರಿಸಿಕೊಂಡಿದ್ದ 12 ಆ್ಯಪ್ ತಯಾರಕರಿಗೆ ಎಚ್ಚರಿಕೆ ಪತ್ರ ಕಳಿಸಿತು. ಇಂಥ ಆ್ಯಪ್‌ಗಳಿಗೆ ನಮ್ಮ ಕೈಯಲ್ಲಿರುವ ಬೀಗ: ಟಾರ್ಚ್ ಆ್ಯಪ್‌ಗೆ ಮೈಕ್ ಅನುಮತಿ ಯಾಕೆ ಬೇಕೆಂದು ಕೇಳಿಕೊಳ್ಳುವುದು. ಈಚಿನ ಫೋನುಗಳಲ್ಲಿ ಮೈಕು ತೆರೆದಿದ್ದರೆ ಪರದೆಯ ಮೇಲೆ ಹಸಿರು ಅಥವಾ ಕಿತ್ತಳೆ ಚುಕ್ಕೆ ಬೀಳುತ್ತದೆ. ಅದರ ಮೇಲೊಂದು ಕಣ್ಣಿರಲಿ.

ಸದ್ದಿಗೆ ಒಪ್ಪುವ ಕೆಲಸ ಎರಡು ಸೆಕೆಂಡಿನ ಪರಿಚಯ: ವೈಫೈ ಗುಪ್ತಪದ, ಜಾಲತಾಣದ ವಿಳಾಸ, ಒಂದು ಸಲದ ಗುರುತು. ಉಳಿದ ಭಾರವನ್ನು ರೇಡಿಯೊ ಹೊರಲಿ. ಇನ್ನೊಂದು ಕೆಲಸವೂ ಇದೆ, ಅದು ಕಲಿಸುವುದು. ನಿತ್ಯ ನಮ್ಮ ಸುತ್ತ ಹರಿಯುವ ಮಾಹಿತಿಯಲ್ಲಿ ಕಿವಿಗೆ ಸಿಗುವುದು ಇದೊಂದೇ. ಹೈಸ್ಕೂಲಿನಲ್ಲಿ ಇಂಟರ್‌ನೆಟ್ ಇಲ್ಲದ ಎರಡು ಹಳೆಯ ಕಂಪ್ಯೂಟರ್ ಇದ್ದರೂ ಸಾಕು. ತರಗತಿಯೊಳಗೆ ಒಂದು ಪದ ಕಳಿಸಿ, ವೇಗ ಏರಿಸುತ್ತ ಯಾವಾಗ ಅಕ್ಷರ ಕೆಡುತ್ತದೆ ನೋಡಿ. ಆಮೇಲೆ ಅದೇ ಯಂತ್ರಗಳನ್ನು ಆಟದ ಬಯಲಿಗೆ ಒಯ್ದು ಮತ್ತೆ ಕಳಿಸಿ. ಗೋಡೆಯಿಲ್ಲದ ಕಡೆ ಎಷ್ಟು ವೇಗ ಹೆಚ್ಚಿಸಬಹುದಾಯಿತು ಎಂಬ ಲೆಕ್ಕದಿಂದ ಪ್ರತಿಧ್ವನಿಯ ಪಾಠ, ಬಿಟ್‌ನ ಪಾಠ ಎರಡೂ ಒಂದೇ ಪೀರಿಯಡ್ಡಿನಲ್ಲಿ ಮುಗಿಯುತ್ತವೆ.