ಪಣಂಬೂರಿನಲ್ಲಿ ನೌಕಾಪ್ರವೇಶ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಸಕ್ರೆಬೈಲಿನ ಆನೆಬಿಡಾರದ ಮಗ್ಗುಲಿಗೆ ಗಾಜನೂರು ಅಣೆಕಟ್ಟಿನ ಹಿನ್ನೀರಾಗಿ ಹರಡಿ ನಿಂತಿರುವ ತುಂಗೆಯು, ಪಡುಗಡಲಿಗೆ ಅಷ್ಟೊಂದು ಸಮೀಪವಾದ ಗಂಗಾಮೂಲದಲ್ಲಿ ಜನಿಸಿಯೂ ಆ ಕಡಲಿಗೆ ಬೆನ್ನುಮಾಡಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ಕೃಷ್ಣೆಯಲ್ಲಿ ಬೆರೆತು, ದೀರ್ಘ ಪ್ರಯಾಣದ ತರುವಾಯ ಬಂಗಾಳ ಕೊಲ್ಲಿಯನ್ನು ಸೇರತಕ್ಕವಳು. ನದಿಯು ಒಲ್ಲದ ದಿಕ್ಕನ್ನು ರಸ್ತೆಯು ಹಿಡಿದಿದೆ. ಸಕ್ರೆಬೈಲಿನ ಮುಂದೆಯೇ ಹಾದುಹೋಗುವ 169ನೆಯ ರಾಷ್ಟ್ರೀಯ ಹೆದ್ದಾರಿಯು ಕೊಪ್ಪ, ಶೃಂಗೇರಿಗಳನ್ನು ಕಳೆದು, ಕುದುರೆಮುಖದ ಕಾಡಿನಲ್ಲಿ ಘಟ್ಟವಿಳಿದು, ಕಾರ್ಕಳ ಮೂಡುಬಿದಿರೆಗಳ ಮೇಲೆ ಮಂಗಳೂರನ್ನು ಮುಟ್ಟುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಕಲ್ಪಿಸಿದ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, ಕಡಲತೀರವೇ ಇಲ್ಲದ ಆ ಸಂಸ್ಥಾನಕ್ಕೆ ಭಟ್ಕಳದಲ್ಲೊಂದು ಬಂದರು ಒದಗಬೇಕೆಂದು ಯತ್ನಿಸಿದ್ದುಂಟು. ಆದರೆ ಭಟ್ಕಳವು ಅಂದು ಮುಂಬಯಿ ಪ್ರಾಂತ್ಯದ ಊರು. 1923ರಲ್ಲಿ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು; ಬಂದರು ಕಾಗದದಲ್ಲಿಯೇ ಉಳಿಯಿತು. ಮಲೆನಾಡಿಗೆ ಕಡಲಿನ ಬಾಗಿಲು ಕಡೆಗೆ ತೆರೆದದ್ದು ಮಂಗಳೂರಿನ ಉತ್ತರಕ್ಕಿರುವ ಪಣಂಬೂರಿನಲ್ಲಿ.

ಆ ಬಾಗಿಲಿನೊಳಗೆ ಕಾಲಿಡಬಯಸುವ ಹಡಗು ಪಾಲಿಸಬೇಕಾದ ವಿಧಿನಿಷೇಧಗಳು ಒಂದು ದಪ್ಪ ಪುಸ್ತಕವನ್ನೇ ತುಂಬುವಷ್ಟಿವೆ. ಅವನ್ನು ಮೊದಲ ಸಲ ಓದುವವನಿಗೆ ಇವೆಲ್ಲ ಕಚೇರಿಯ ಗುಮಾಸ್ತರು ಕೂತು ಹೆಣೆದ ಬಲೆಯೆಂದು ತೋರುವುದು ಸಹಜ. ನನಗೆ ತೋರುವ ಮಟ್ಟಿಗೆ, ಅವುಗಳಲ್ಲಿ ಬಹುಪಾಲನ್ನು ಬರೆಸಿದ್ದು ನೀರು: ನೀರಿನ ಭಾರ, ನೀರಿನ ಆಳ, ನೀರಿನೊಡನೆ ತೇಲಿಬರುವ ಜೀವಿಗಳು, ಹಾಗೂ ಒದ್ದೆಯಾದ ಮಣ್ಣಿನ ಚಂಚಲ ಸ್ವಭಾವ.

ಹಳೆಯ ಮಂಗಳೂರು ಬಂದರು ನೇತ್ರಾವತಿ ಗುರುಪುರ ನದಿಗಳು ಕಡಲನ್ನು ಸೇರುವ ಅಳಿವೆಬಾಗಿಲಿನೊಳಗಿತ್ತು. ನದಿಗಳು ಹೊತ್ತು ತಂದ ಮರಳನ್ನು ಅಲೆಗಳು ಮರಳಿ ತಳ್ಳಿ ಅಳಿವೆಯ ಬಾಯಲ್ಲೇ ದಿಬ್ಬ ಕಟ್ಟುತ್ತಿದ್ದುದರಿಂದ, ಮಂಜಿ ಮಚ್ವೆಗಳಂಥ ಸಣ್ಣ ನಾವೆಗಳು ಮಾತ್ರ ಒಳನುಗ್ಗಬಲ್ಲವಾಗಿದ್ದು, ದೊಡ್ಡ ಹಡಗುಗಳು ದೂರದ ಕಡಲಿನಲ್ಲಿಯೇ ಲಂಗರು ಹಾಕಿ ನಿಂತು, ದೋಣಿಗಳ ಮೂಲಕ ಸರಕನ್ನು ಇಳಿಸಿ ಏರಿಸಬೇಕಾಗಿತ್ತು. ಜೂನ್ ತಿಂಗಳಿನ ನೈರುತ್ಯ ಮಾರುತ ಬೀಸಲಾರಂಭಿಸಿತೆಂದರೆ ಅಷ್ಟೂ ನಿಂತುಹೋಗುತ್ತಿತ್ತು. ವರ್ಷದ ಮೂರನೆಯ ಒಂದು ಪಾಲು ಮುಚ್ಚಿಕೊಂಡಿರುವ ಬಂದರನ್ನು ನಂಬಿ ಯಾವ ಕೈಗಾರಿಕೆ ಬಾಳೀತು? ಲೋಕಸಭಾ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಎಡೆಬಿಡದ ಪ್ರಯತ್ನದ ಫಲವಾಗಿ 1962ರಲ್ಲಿ ಪಣಂಬೂರಿನ ಕೆಲಸ ಮೊದಲಾಯಿತು. ಅಲ್ಲಿನ ಎಂಜಿನಿಯರುಗಳು ಕಡಲನ್ನು ಕಟ್ಟುವುದಕ್ಕೆ ಬದಲಾಗಿ ದಡವನ್ನೇ ಒಳಮುಖವಾಗಿ ಅಗೆದು, ನೆಲದ ನಡುವೆ ಕೃತಕವಾದೊಂದು ಕೊಳವನ್ನು ನಿರ್ಮಿಸಿ, ಅದರ ಬಾಯಿಯ ಎರಡು ಕಡೆಗೂ ಸುಮಾರು 770 ಮೀಟರ್ ಉದ್ದದ ಕಲ್ಲಿನ ಅಲೆತಡೆಗಳನ್ನು ಕಡಲಿನೊಳಕ್ಕೆ ಚಾಚಿದರು. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಿತವಾಯಿತು. ಮಾರನೆಯ ವರ್ಷದ ಜನವರಿಯಲ್ಲಿ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಮಳೆಗಾಲದಲ್ಲಿಯೂ ತೆರೆದಿರುವುದೇ ಈ ಬಂದರಿನ ಹೆಗ್ಗಳಿಕೆ.

ಆದರೆ ಕೊಳವನ್ನು ಅಗೆದರೆ ಸಾಲದು. ಕರಾವಳಿಯ ಕಡಲತಳವು ನಿಧಾನವಾಗಿ ಇಳಿಜಾರಾಗುವುದರಿಂದ, ಹೊರಗಿನ ಆಳದ ನೀರಿನಿಂದ ಬಂದರಿನ ಬಾಯಿಯವರೆಗೆ ಸುಮಾರು ಏಳೂವರೆ ಕಿಲೋಮೀಟರ್ ಉದ್ದಕ್ಕೆ, ಕಣ್ಣಿಗೆ ಕಾಣದ ಒಂದು ಕಾಲುವೆಯನ್ನು ತಳದಲ್ಲಿ ತೋಡಿಡಬೇಕಾಗಿದೆ. ಅದರ ಅಗಲ 245 ಮೀಟರ್, ಆಳ ಹದಿನೈದು ಮೀಟರಿಗೆ ತುಸು ಹೆಚ್ಚು. ಪ್ರತಿ ಮಳೆಗಾಲವೂ ಇದರೊಳಗೆ ಹೂಳನ್ನು ತಂದು ಸುರಿಯುತ್ತದೆ, ಪ್ರತಿ ವರ್ಷವೂ ಅದನ್ನು ಎತ್ತಿ ಹಾಕಬೇಕು; ಪ್ರಕೃತಿಯೊಡನೆ ಹೂಡಿದ ಈ ವ್ಯಾಜ್ಯಕ್ಕೆ ಅಂತಿಮ ತೀರ್ಪೆಂಬುದಿಲ್ಲ.

ಹಡಗಿನವರನ್ನು ಬಂದರು ಕೇಳುವ ಮೊದಲ ಪ್ರಶ್ನೆ, ನಿಮ್ಮ ಹಡಗು ನೀರಿನೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದು. ಪಣಂಬೂರಿನಲ್ಲಿ ಅದು ಹೆಚ್ಚೆಂದರೆ 14 ಮೀಟರಿನ ಆಸುಪಾಸಿನಲ್ಲಿರಬೇಕು. ಹದಿನೈದಕ್ಕೆ ಮೀರಿದ ಆಳವಿರುವಾಗ, ಉಬ್ಬರದ ವೇಳೆ ಅದಕ್ಕೆ ಇನ್ನೂ ಒಂದು ಮೀಟರ್ ಕೂಡುವಾಗ, ಇಷ್ಟು ಜಿಪುಣತನವೇಕೆಂದು ಓದುಗರು ಕೇಳಬಹುದು. ಸಕ್ರೆಬೈಲಿನ ಆನೆ ಪರಿಚಯವಿಲ್ಲದ ಕಡೆ ಹೊಳೆಗಿಳಿಯುವ ಮುನ್ನ ಸೊಂಡಿಲಿನಿಂದ ನೆಲವನ್ನು ತಡವಿ, ಒಂದು ಕಾಲನ್ನು ಊರಿ ನೋಡಿ, ಆಮೇಲೆ ಭಾರ ಬಿಡುತ್ತದೆ. ಹಡಗಿಗೆ ಆ ಸೌಕರ್ಯವಿಲ್ಲ, ಅದರ ಭಾರವೆಲ್ಲ ಮೊದಲೇ ಇಳಿದಿರುತ್ತದೆ, ಮತ್ತು ಚಲಿಸತೊಡಗಿದೊಡನೆ ಅದು ಇನ್ನೂ ಕೆಳಕ್ಕೆ ಕುಸಿಯುತ್ತದೆ. ಆಳ ಕಡಮೆಯಿರುವ ನೀರಿನಲ್ಲಿ ಮುಂದುವರಿಯುವ ಹಡಗಿನ ಹೊಟ್ಟೆಗೂ ಕಡಲತಳಕ್ಕೂ ನಡುವೆ ಸಿಕ್ಕಿಬಿದ್ದ ನೀರು, ಕಿರಿದಾದ ಹಾದಿಯಲ್ಲಿ ಹಿಮ್ಮುಖವಾಗಿ ನುಸುಳಬೇಕಾದುದರಿಂದ ರಭಸವಾಗಿ ಹರಿಯುತ್ತದೆ. ರಭಸ ಹೆಚ್ಚಿದಲ್ಲಿ ಒತ್ತಡ ಕುಗ್ಗುವುದೆಂದು ಹದಿನೆಂಟನೆಯ ಶತಮಾನದಲ್ಲಿ ಬರ್ನೂಲಿ ತೋರಿಸಿಕೊಟ್ಟ ನಿಯಮಕ್ಕನುಸಾರವಾಗಿ, ಕೆಳಗಿನ ಆಸರೆ ಸಡಿಲವಾಗಿ ಹಡಗು ತಗ್ಗುತ್ತದೆ. ಈ ತಗ್ಗುವಿಕೆ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅದಿರು ಹೊರುವ ಅಗಲ ಹೊಟ್ಟೆಯ ಹಡಗೊಂದು ಗಂಟೆಗೆ ಹತ್ತು ನಾಟಿಕಲ್ ಮೈಲಿಯ ವೇಗದಲ್ಲಿ ಹೋದರೆ ತೆರೆದ ತಗ್ಗುನೀರಿನಲ್ಲಿ ಸುಮಾರು 80 ಸೆಂಟಿಮೀಟರ್, ಇಕ್ಕಟ್ಟಾದ ಕಾಲುವೆಯಲ್ಲಿ ಅದರ ಇಮ್ಮಡಿ ಕುಸಿಯುತ್ತದೆ. ವೇಗವನ್ನು ಅರ್ಧಕ್ಕಿಳಿಸಿದರೆ ಕುಸಿತವು ಕಾಲುಭಾಗಕ್ಕಿಳಿಯುತ್ತದೆ. ಕಾಲುವೆಯಲ್ಲಿ ನಿಧಾನವಾಗಿ ಬನ್ನಿರೆಂಬ ಆಜ್ಞೆಯ ಹಿಂದಿರುವುದು ಈ ಲೆಕ್ಕ. ಇದನ್ನು ಕಡೆಗಣಿಸಿದರೆ ಏನಾದೀತೆಂಬುದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ: 1992ರ ಆಗಸ್ಟಿನಲ್ಲಿ ಅಮೆರಿಕದ ಮಸಾಚುಸೆಟ್ಸ್ ತೀರದ ಬಳಿ ವೇಗವಾಗಿ ಸಾಗುತ್ತಿದ್ದ ‘ಕ್ವೀನ್ ಎಲಿಜಬೆತ್ 2’ ಎಂಬ ಭವ್ಯ ಪ್ರಯಾಣಿಕ ನೌಕೆಯು, ನಿಂತಲ್ಲಿದ್ದರೆ ತಗುಲದೇ ಹೋಗಬಹುದಾಗಿದ್ದ, ನಕಾಶೆಯಲ್ಲಿ ಸರಿಯಾಗಿ ಗುರುತಾಗದಿದ್ದ ಬಂಡೆಗೆ ತನ್ನ ತಳವನ್ನು ತರಚಿಕೊಂಡಿತು.

ಇದರ ಮೇಲೆ ಮಳೆಗಾಲದ ತೊಡಕು ಬೇರೆ. ದೂರದ ಸಾಗರದಿಂದ ಉರುಳಿಬರುವ ತೆರೆಗಳಲ್ಲಿ ಹಡಗು ಪಕ್ಕಕ್ಕೆ ಎರಡೇ ಡಿಗ್ರಿ ವಾಲಿದರೂ, 32 ಮೀಟರ್ ಅಗಲದ ಹಡಗಿನ ಒಂದು ಅಂಚು ಅರ್ಧ ಮೀಟರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಹೀಗೆ ಒಂದೊಂದೇ ಕಳೆಯುತ್ತ ಬಂದರೆ, ಮೇಲ್ನೋಟಕ್ಕೆ ಧಾರಾಳವೆನಿಸಿದ ಅಂತರದಲ್ಲಿ ಉಳಿಯುವುದು ಅತ್ಯಲ್ಪ.

ನೀರಿನ ಆಳದಷ್ಟೇ ಅದರ ಸಾಂದ್ರತೆಯೂ ಮುಖ್ಯ. ಕಡಲಿನ ಒಂದು ಘನ ಮೀಟರ್ ನೀರು ಸುಮಾರು 1025 ಕಿಲೋಗ್ರಾಂ ತೂಗಿದರೆ ತುಂಗೆಯ ಸಿಹಿನೀರು 1000 ಕಿಲೋಗ್ರಾಂ ತೂಗುತ್ತದೆ. ಆರ್ಕಿಮಿಡೀಸನು ಕಂಡುಕೊಂಡಂತೆ ತೇಲುವ ವಸ್ತುವು ತನ್ನಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳಬೇಕಾದುದರಿಂದ, ಕಡಲಿನಲ್ಲಿ 12 ಮೀಟರ್ ಮುಳುಗಿದ್ದ ಹಡಗನ್ನು ಗಾಜನೂರಿನ ಹಿನ್ನೀರಿನಲ್ಲಿ ತೇಲಿಸಬಹುದಾಗಿದ್ದರೆ ಅದು ಮತ್ತೂ ಸುಮಾರು 30 ಸೆಂಟಿಮೀಟರ್ ಇಳಿಯುತ್ತಿತ್ತು. ಹಡಗಿನ ಪಕ್ಕದಲ್ಲಿ ಬಳಿದಿರುವ ವೃತ್ತವನ್ನೂ ಅದರ ಮಗ್ಗುಲಿನ ಅಡ್ಡಗೆರೆಗಳ ಏಣಿಯನ್ನೂ ಚಿತ್ರಗಳಲ್ಲಿ ಕಂಡವರಿದ್ದಾರೆ. ಬೇಸಗೆಯ ಕಡಲು, ಚಳಿಗಾಲದ ಕಡಲು, ಉಷ್ಣವಲಯದ ಕಡಲು, ಸಿಹಿನೀರು, ಇವುಗಳಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಮುಳುಗಬಹುದೆಂಬುದನ್ನು ಆ ಗೆರೆಗಳು ನಿಗದಿಮಾಡುತ್ತವೆ. ಹಡಗಿನ ಮಾಲಿಕರು ಹಳೆಯ ನೌಕೆಗಳಿಗೆ ವಿಮೆ ಮಾಡಿಸಿ, ಮಿತಿಮೀರಿ ಸರಕು ಹೇರಿ, ನಾವಿಕರನ್ನು ಸಾವಿನ ಬಾಯಿಗೆ ಕಳುಹುತ್ತಿದ್ದ ಕಾಲದಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬಾತನು ಹೋರಾಡಿ, 1876ರಲ್ಲಿ ಇಂಥ ಗೆರೆ ಬಳಿಯುವುದನ್ನು ಕಾಯಿದೆಯಾಗಿಸಿದನು. ಇಂದಿಗೂ ಬಂದರಿನ ಅಧಿಕಾರಿಯ ಕಣ್ಣು ಮೊದಲು ಹೋಗುವುದು ಆ ಗೆರೆಗಳ ಕಡೆಗೇ.

ಹಡಗಿಗೆ ಬಂದರಿನೊಳಗಿನ ದಾರಿ ತೋರುವ ಪೈಲಟನ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಇನ್ನೂರು ಟನ್ನಿಗೆ ಕಡಮೆಯಿಲ್ಲದ ನೌಕೆಯು ಪೈಲಟನಿಲ್ಲದೆ ಒಳಬರಕೂಡದೆಂದು 1908ರ ಭಾರತೀಯ ಬಂದರು ಕಾಯಿದೆಯೇ ವಿಧಿಸಿತ್ತು. ಲೋಕವೆಲ್ಲ ಸುತ್ತಿದ ಕಪ್ತಾನನಿಗೂ ಈ ಏಳೂವರೆ ಕಿಲೋಮೀಟರಿನ ಸೆಳವು, ಗಾಳಿ, ತಿರುವುಗಳು ಪರಕೀಯವೇ. ಅದಕ್ಕಾಗಿ ಸ್ಥಳೀಯ ಪೈಲಟನು ಸಣ್ಣ ದೋಣಿಯಲ್ಲಿ ಎದುರುಗೊಂಡು, ತೊಯ್ದಾಡುವ ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ಏಣಿಯನ್ನೇರಿ ಬರುತ್ತಾನೆ. ಆಷಾಢದ ಕಡಲಿನಲ್ಲಿ ಆ ಏಣಿಯನ್ನು ಹಿಡಿಯುವುದು ಸಾಹಸವೇ ಸರಿ. ಹಡಗಿಗೆ ಬ್ರೇಕೆಂಬುದಿಲ್ಲವಾದುದರಿಂದ, ಒಳಗೆ ಬಂದ ಮೇಲೆ ಟಗ್ಗುಗಳೆಂಬ ಸಣ್ಣ ನಾವೆಗಳು ಅದನ್ನು ಎಳೆದು, ತಳ್ಳಿ, ತಿರುಗಿಸಿ ಧಕ್ಕೆಗೆ ಒರಗಿಸುತ್ತವೆ.

ಸುಂಕದವರಿಗೆ ಒಪ್ಪಿಸಬೇಕಾದ ಸರಕಿನ ಯಾದಿ, 2004ರ ಜುಲೈ 1ರಿಂದ ಜಗತ್ತಿನ ಬಂದರುಗಳಲ್ಲೆಲ್ಲ ಜಾರಿಗೆ ಬಂದ ಭದ್ರತಾ ಸಂಹಿತೆಯ ಪ್ರಮಾಣಪತ್ರ, ವಿಮೆ, ನಾವಿಕರ ಪಟ್ಟಿ, ಇವೆಲ್ಲ ಹಡಗು ಬರುವ ಮುಂಚೆಯೇ ಬಂದು ತಲಪಬೇಕು. ಇವುಗಳ ವಿವರ ನೀರಸ. ಆರೋಗ್ಯಾಧಿಕಾರಿಯ ಅನುಮತಿಯಾದರೋ ಬೇರೆಯೇ ಕಥೆ. ಹೊರದೇಶದಿಂದ ಬಂದ ಹಡಗು ಹಳದಿ ಬಣ್ಣದ ಧ್ವಜವನ್ನೇರಿಸಿ, ನನ್ನಲ್ಲಿ ಸಾಂಕ್ರಾಮಿಕ ರೋಗವಿಲ್ಲ, ಒಳಬರಲು ಅಪ್ಪಣೆ ಬೇಡುತ್ತೇನೆ ಎಂದು ಸಾರುವುದು ವಾಡಿಕೆ. 1377ರಲ್ಲಿ ಏಡ್ರಿಯಾಟಿಕ್ ತೀರದ ರಗೂಸ ಪಟ್ಟಣವು ಪ್ಲೇಗಿನ ಭಯದಿಂದ, ಹೊರಗಿನಿಂದ ಬಂದವರನ್ನು ಮೂವತ್ತು ದಿನ ದೂರವಿರಿಸಿದ್ದು ಈ ಪದ್ಧತಿಯ ಪ್ರಾಚೀನ ನಿದರ್ಶನ. ಈಚೆಗೆ ನಮ್ಮ ಬಂದರುಗಳು ವಿಶೇಷವಾಗಿ ಅಂಜುವುದು ಹಳದಿ ಜ್ವರಕ್ಕೆ. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಈ ರೋಗವು ಭಾರತದಲ್ಲಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ತೆಂಗಿನ ಚಿಪ್ಪುಗಳಲ್ಲಿಯೂ ಅಡಕೆ ಹಾಳೆಗಳಲ್ಲಿಯೂ ನಿಂತ ಮಳೆನೀರಿನಲ್ಲಿ ಯಥೇಚ್ಛವಾಗಿದೆ. ಸೊಳ್ಳೆ ಇದ್ದು ವೈರಸ್ ಮಾತ್ರ ಇಲ್ಲದ ದೇಶಕ್ಕೆ ಸೋಂಕಿತನಾದ ಒಬ್ಬನೇ ನಾವಿಕನು ಬಂದರೂ ಅಪಾಯ. ಆದಕಾರಣವೇ ಆ ದೇಶಗಳಿಂದ ಬಂದವರಲ್ಲಿ ಲಸಿಕೆಯ ಪತ್ರವನ್ನು ಕಡ್ಡಾಯವಾಗಿ ಕೇಳುವುದು.

ಶಿವಮೊಗ್ಗ ಜಿಲ್ಲೆಯವರಿಗೆ ಈ ಭಯದ ಪರಿಚಯ ಬೇರೊಂದು ದಾರಿಯಿಂದ ಆಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಕಾಡಿಗೆ ಹೋಗಿಬಂದ ಜನರಲ್ಲಿಯೂ ಉಗ್ರಜ್ವರ ಕಾಣಿಸಿಕೊಂಡಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಮನಸ್ಸಿನಲ್ಲಿ ಮೊದಲು ಸುಳಿದ ಶಂಕೆ ಹಳದಿ ಜ್ವರದ್ದೇ. ಏಕೆಂದರೆ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರದ ಮುನ್ಸೂಚನೆಯೂ ಮಂಗಗಳ ಸಾವೇ. ಪರೀಕ್ಷೆಯಿಂದ ಅದು ಉಣ್ಣೆಗಳ ಮೂಲಕ ಹರಡುವ, ರಷ್ಯದ ಕಾಡುಜ್ವರವೊಂದಕ್ಕೆ ಸಂಬಂಧಿಯಾದ ಹೊಸ ವೈರಸ್ ಎಂದು ತಿಳಿದುಬಂದು, ಇಂದು ಮಂಗನ ಕಾಯಿಲೆಯೆಂದು ಮಲೆನಾಡಿನ ಮನೆಮಾತಾಗಿದೆ. ಆಗಿನ ಶಂಕೆ ನಿಜವಾಗಿದ್ದರೆ ಗತಿಯೇನೆಂಬ ಪ್ರಶ್ನೆಯೇ ಬಂದರಿನ ಆರೋಗ್ಯನಿಯಮಕ್ಕೆ ಸಾಕಾದ ಸಮರ್ಥನೆ.

ಖಾಲಿ ಹಡಗು ಸ್ಥಿರವಾಗಿರಲೆಂದು ತನ್ನ ತೊಟ್ಟಿಗಳಲ್ಲಿ ತುಂಬಿಕೊಂಡು ಬರುವ ನೀರಿನ ವಿಚಾರವೂ ಇದೇ ಜಾತಿಯದು. ಒಂದು ಸಮುದ್ರದಲ್ಲಿ ತುಂಬಿದ ನೀರನ್ನು ಇನ್ನೊಂದರಲ್ಲಿ ಚೆಲ್ಲಿದರೆ ಅದರೊಳಗಿನ ಲಾರ್ವ, ಪಾಚಿ, ಸೂಕ್ಷ್ಮಜೀವಿಗಳೂ ನೆಲೆ ಬದಲಿಸುತ್ತವೆ. ಲಾಂಟಾನ ಹಬ್ಬಿದ ಬೇಣಗಳನ್ನು ಕಂಡ ಮಲೆನಾಡಿಗರಿಗೆ ಪರದೇಶದ ಜೀವಿಯೊಂದು ಕಾಲೂರಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವು, ಆ ನೀರನ್ನು ಶುದ್ಧೀಕರಿಸಬೇಕೆಂದೋ, ಅಥವಾ ಸಾಧ್ಯವಾದಲ್ಲಿ ದಡದಿಂದ 200 ನಾಟಿಕಲ್ ಮೈಲಿಯಾಚೆ ಬದಲಿಸಬೇಕೆಂದೋ ವಿಧಿಸಿತು.

ಇನ್ನು ಕಬ್ಬಿಣದ ಅದಿರು. ಕುದುರೆಮುಖದ ಗಣಿಯು 2005ರ ಅಂತ್ಯಕ್ಕೆ ಮುಚ್ಚುವವರೆಗೂ ಅಲ್ಲಿನ ಅದಿರಿನ ಹುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಘಟ್ಟದಿಂದ ಪಣಂಬೂರಿಗೆ ಹರಿಸುತ್ತಿದ್ದರು. ನೀರು ಬೆರೆತ ನುಣ್ಣನೆಯ ಅದಿರು ದ್ರವದಂತೆ ಹರಿಯುವುದೆಂಬ ಗುಣವನ್ನೇ ನೆಚ್ಚಿದ ಸೊಗಸಾದ ಉಪಾಯವದು. ಅದೇ ಗುಣವು ಹಡಗಿನ ಹೊಟ್ಟೆಯಲ್ಲಿ ಮೃತ್ಯುವಾಗಬಲ್ಲುದು. ಬಯಲಿನಲ್ಲಿ ರಾಶಿಹಾಕಿದ ಅದಿರಿನ ಹುಡಿ ಮಳೆಯಲ್ಲಿ ನೆನೆದಿದ್ದರೂ ನೋಡುವುದಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ, ಏಕೆಂದರೆ ಕಣಕ್ಕೆ ಕಣ ತಾಗಿ ನಿಂತು ಪರಸ್ಪರ ಭಾರ ಹೊರುತ್ತವೆ. ಹಡಗು ಕಡಲಿನಲ್ಲಿ ಅಲುಗತೊಡಗಿದ ಮೇಲೆ, ಎಂಜಿನ್ನಿನ ನಡುಕಕ್ಕೂ ಅಲೆಯ ಹೊಡೆತಕ್ಕೂ ಕಣಗಳು ಒತ್ತೊತ್ತಾಗಿ ಕುಳಿತು ನಡುವಣ ಜಾಗ ಕಿರಿದಾಗುತ್ತದೆ. ಅಲ್ಲಿದ್ದ ನೀರಿಗೆ ಹೋಗಲು ದಾರಿಯಿಲ್ಲದೆ ಅದರ ಒತ್ತಡವೇರಿ, ಕಣಗಳ ಭಾರವನ್ನು ನೀರೇ ಹೊರಲಾರಂಭಿಸಿದ ಕ್ಷಣದಲ್ಲಿ, ಸಾವಿರಾರು ಟನ್ ಗಟ್ಟಿ ಸರಕು ಕೆಸರಾಗಿ ಒಂದು ಮಗ್ಗುಲಿಗೆ ಜಾರುತ್ತದೆ. ಮರುತೊಯ್ತದಲ್ಲಿ ಅದು ಪೂರ್ತಿಯಾಗಿ ಹಿಂದಿರುಗುವುದಿಲ್ಲ. 2009ರ ಜುಲೈ ತಿಂಗಳಿನಲ್ಲಿ ಪಣಂಬೂರಿನಲ್ಲಿಯೇ ಅದಿರಿನ ಹುಡಿಯನ್ನು ತುಂಬಿಕೊಂಡು ಹೊರಟ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಹೀಗೆಯೇ ವಾಲಿ ಮಂಗಳೂರಿನ ಕಡಲಿನಲ್ಲಿ ಮುಳುಗಿತು. ಎರಡು ತಿಂಗಳೊಳಗೆ ಅಂಥದೇ ಸರಕಿನ ‘ಬ್ಲ್ಯಾಕ್ ರೋಸ್’ ಪಾರಾದೀಪದ ಬಳಿ ಮುಳುಗಿತು.

ಹಾಗಾಗಿ ಈ ಸರಕನ್ನು ಹೇರುವ ಮುನ್ನ, ಅದು ಕೆಸರಾಗಿ ಹರಿಯತೊಡಗುವ ತೇವಾಂಶವೆಷ್ಟೆಂದು ಪ್ರಯೋಗಾಲಯದಲ್ಲಿ ಅಳೆದು, ಅದರ ಶೇಕಡ 90ಕ್ಕೆ ಮೀರಿದ ತೇವವಿಲ್ಲವೆಂಬ ಪ್ರಮಾಣಪತ್ರವನ್ನು ಕಪ್ತಾನನಿಗೆ ಒಪ್ಪಿಸಬೇಕು. ಹೀಗೆಂದು ವಿಧಿಸುವ ಅಂತರರಾಷ್ಟ್ರೀಯ ಸರಕು ಸಂಹಿತೆ 2011ರ ಜನವರಿ 1ರಿಂದ ಕಡ್ಡಾಯವಾಗಿದೆ. ಧಕ್ಕೆಯ ಮೇಲೆಯೇ ಕಪ್ತಾನನು ಮಾಡಬಹುದಾದ ಸರಳ ಪರೀಕ್ಷೆಯೂ ಒಂದುಂಟು: ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಸುವ ಡಬ್ಬಿಯಲ್ಲಿ ಅರ್ಧಕ್ಕೆ ಅದಿರು ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಇಪ್ಪತ್ತೈದು ಸಲ ಕುಕ್ಕಿ, ಮೇಲ್ಭಾಗದಲ್ಲಿ ನೀರು ಜಿನುಗಿತೇ ಎಂದು ನೋಡುವುದು. ನೀರು ಕಂಡರೆ ಹೇರುವುದನ್ನು ನಿಲ್ಲಿಸಿ ಪ್ರಯೋಗಾಲಯಕ್ಕೆ ಮತ್ತೆ ಕಳುಹಬೇಕು. ಕಾಣದಿದ್ದ ಮಾತ್ರಕ್ಕೆ ಸರಕು ನಿರಪಾಯವೆಂದು ಭಾವಿಸುವ ಹಾಗಿಲ್ಲ. ಡಬ್ಬಿಯಲ್ಲಿ ಸುಮ್ಮನಿದ್ದ ಅದಿರು ಕಡಲಿನಲ್ಲಿ ಹರಿದೀತು, ಆದುದರಿಂದ ಸಂದೇಹವಿದ್ದಲ್ಲಿ ಹೇರಲು ನಿರಾಕರಿಸುವ ಅಧಿಕಾರವನ್ನು ಕಪ್ತಾನನಿಗೇ ಬಿಡಲಾಗಿದೆ.