ಹೊಸ ಶಾಲೆ ಸೇರಿದ ಮಗುವಿಗೆ ಎದೆನೋವೇ? ಡಬ್ಬಿ ಯಾರ ಜೊತೆ ತಿನ್ನುತ್ತದೆ, ಕೇಳಿ ನೋಡಿ



ಈ ಸಲ ಬಿಪಿ, ಕೊಲೆಸ್ಟರಾಲ್ ಬದಿಗಿರಲಿ. ನಿಮ್ಮ ಪುಟ್ಟ ಮಕ್ಕಳ ಬಗ್ಗೆ ಮಾತಾಡೋಣ.

ಕಳೆದ ಜುಲೈನಲ್ಲಿ ಏಳು ವರ್ಷದ ಹುಡುಗನೊಬ್ಬನನ್ನು ತಾಯಿ ನನ್ನ ಬಳಿ ಕರೆತಂದರು. ಅಪ್ಪನ ಕೆಲಸಕ್ಕಾಗಿ ಊರು ಬಿಟ್ಟು ಬಂದ ಕನ್ನಡ ಮನೆ. "ಡಾಕ್ಟ್ರೇ, ದಿನಾ ಬೆಳಿಗ್ಗೆ ಎದೆ ನೋಯ್ತದ ಅಂತಾನ, ಡವಡವ ಹೊಡ್ಕೋತದ ಅಂತಾನ." ಪರೀಕ್ಷೆ ಮಾಡಿದೆ. ಇಸಿಜಿ, ಎಕೋ ಎರಡೂ ಸರಿಯಾಗಿದ್ದವು. ಭಾನುವಾರ ನೋವು ಇರುತ್ತದೆಯೇ ಎಂದು ಕೇಳಿದೆ. ಇರುವುದಿಲ್ಲ. ಆಮೇಲೆ ಹುಡುಗನನ್ನೇ ಕೇಳಿದೆ: "ಶಾಲೆಯಲ್ಲಿ ಡಬ್ಬಿ ಯಾರ ಜೊತೆ ತಿಂತೀಯಪ್ಪಾ?" ಅವನು ನೆಲ ನೋಡುತ್ತ ಹೇಳಿದ, "ಒಬ್ಬನೇ." ತಾಯಿಯ ಕಣ್ಣಲ್ಲಿ ನೀರು ಬಂತು. ಅವರಿಗೆ ಅದುವರೆಗೆ ಗೊತ್ತೇ ಇರಲಿಲ್ಲ.

*ಮಗು ಸುಳ್ಳು ಹೇಳುತ್ತಿದೆಯೇ?*
ಇಲ್ಲ. ಹೆದರಿಕೆಯಾದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ. ಎದೆಬಡಿತ ಜೋರಾಗುತ್ತದೆ, ಹೊಟ್ಟೆ ಹಿಂಡುತ್ತದೆ, ಕೈ ತಣ್ಣಗಾಗುತ್ತದೆ. "ನನಗೆ ಯಾರೂ ಗೆಳೆಯರಿಲ್ಲ" ಎಂದು ಹೇಳಲು ಬಾರದ ಮಗು "ಎದೆ ನೋವು" ಎನ್ನುತ್ತದೆ. ಮಕ್ಕಳ ಎದೆನೋವಿಗೆ ಹೃದಯ ಕಾರಣವಾಗುವುದು ಬಹಳ ಅಪರೂಪ.

*ಆದರೆ ಇವು ಇದ್ದರೆ ತಡಮಾಡದೆ ವೈದ್ಯರಲ್ಲಿಗೆ ಬನ್ನಿ:*
✅ ಓಡುವಾಗ, ಆಡುವಾಗ ಎದೆನೋವು ಅಥವಾ ತಲೆಸುತ್ತಿ ಬೀಳುವುದು
✅ ತುಟಿ, ಉಗುರು ನೀಲಿಯಾಗುವುದು
✅ ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು

*ಹೃದ್ರೋಗ ವೈದ್ಯನಿಗೆ ಗೆಳೆತನದ ಮಾತೇಕೆ?*
2016ರಲ್ಲಿ 'ಹಾರ್ಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿ ಬಂತು. ಒಂಟಿತನ, ಜನಸಂಪರ್ಕದ ಕೊರತೆ ಇರುವ ವಯಸ್ಕರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ 29ರಷ್ಟು, ಪಾರ್ಶ್ವವಾಯು ಶೇ 32ರಷ್ಟು ಹೆಚ್ಚು ಎಂದು ಅದು ತಿಳಿಸಿತು. ಇದು ದೊಡ್ಡವರ ಲೆಕ್ಕ, ನಿಮ್ಮ ಮಗುವಿಗೆ ಕಾಯಿಲೆ ಬರುತ್ತದೆ ಎಂದು ಹೆದರಬೇಡಿ. ಆದರೆ ಜನರೊಂದಿಗೆ ಬೆರೆಯುವ ಅಭ್ಯಾಸ ಬೆಳೆಯುವುದು ಚಿಕ್ಕಂದಿನಲ್ಲೇ.

*ಮನೆಯಲ್ಲಿ ನೀವು ಮಾಡಬಹುದಾದದ್ದು:*

1️⃣ *ಒಬ್ಬ ಗೆಳೆಯ ಸಾಕು.* ಇಡೀ ತರಗತಿಯ ಪರಿಚಯ ಬೇಡ. "ನಿನ್ನ ಪಕ್ಕ ಕೂರುವವನ ಹೆಸರೇನು?" ಎಂದು ಕೇಳಿ. ನಾಳೆ ಆ ಹೆಸರು ಹಿಡಿದು ಕರೆಯಲು ಹೇಳಿ. ಹೆಸರು ಹಿಡಿದು ಕರೆದರೆ ಅರ್ಧ ಪರಿಚಯ ಆದಂತೆ.

2️⃣ *ಮೂರು ಮರಾಠಿ ವಾಕ್ಯ ಕಲಿಸಿ.* "ತುಝಂ ನಾವ್ ಕಾಯ್?" (ನಿನ್ನ ಹೆಸರೇನು?), "ಇಥೆ ಬಸೂ ಕಾ?" (ಇಲ್ಲಿ ಕೂರಲಾ?), "ಮಲಾ ಪಣ್ ಖೇಳಾಯಲಾ ಘ್ಯಾ" (ನನ್ನನ್ನೂ ಆಟಕ್ಕೆ ಸೇರಿಸಿಕೊಳ್ಳಿ). ಮನೆಯಲ್ಲಿ ಆಟವಾಡುತ್ತ ಹೇಳಿಸಿ. 2020ರ ಕಾನೂನಿನ ಪ್ರಕಾರ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಹೇಗೂ ಕಲಿಯಲೇಬೇಕು. ನಮ್ಮ ಮಕ್ಕಳಿಗೆ ಅದು ಕಷ್ಟವೂ ಅಲ್ಲ. ಹಿಂದಿಯಲ್ಲಿಲ್ಲದ 'ಳ' ಮರಾಠಿಯಲ್ಲಿದೆ. ಅಕ್ಕ ಅಲ್ಲಿಯೂ ಅಕ್ಕಾ, ತುಪ್ಪ ಅಲ್ಲಿ ತೂಪ್. ಸಂಭಾಜಿನಗರವೂ ಬೀದರ್, ಕಲಬುರಗಿ, ರಾಯಚೂರೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಾವು ತೀರಾ ಪರಕೀಯರೇನಲ್ಲ.

3️⃣ *ಮನೆಯ ಕನ್ನಡ ಬಿಡಿಸಬೇಡಿ.* ಮರಾಠಿ ಬರಲಿ ಎಂದು ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಮಗುವಿಗೆ ಮನಸ್ಸು ಬಿಚ್ಚಿ ಮಾತಾಡಲು ಇರುವ ಒಂದೇ ಜಾಗವೂ ಹೋಗುತ್ತದೆ.

4️⃣ *ಡಬ್ಬಿಯಲ್ಲಿ ಎರಡು ತುತ್ತು ಹೆಚ್ಚಿಡಿ.* ಚಕ್ಕುಲಿಯೋ ಶೇಂಗಾ ಹೋಳಿಗೆಯೋ ಇರಲಿ. ಕೆಲವು ಮಕ್ಕಳಿಗೆ ಶೇಂಗಾ ಅಲರ್ಜಿ ಇರುತ್ತದೆ, ಹಂಚುವ ಮೊದಲು ಶಿಕ್ಷಕರನ್ನು ಕೇಳಿಕೊಳ್ಳಿ.

5️⃣ *ಮನೆಗೆ ಕರೆಯಿರಿ.* ಭಾನುವಾರ ಒಬ್ಬ ಸಹಪಾಠಿ, ಒಂದೆರಡು ಗಂಟೆ. ಮೊಬೈಲ್ ಬೇಡ. ಲಗೋರಿ ಮರಾಠಿಯಲ್ಲೂ ಲಗೋರಿಯೇ. ನಮ್ಮ ಚಿಣ್ಣಿ ದಾಂಡು ಅಲ್ಲಿ ವಿಟಿ ದಾಂಡು. ಆಟಕ್ಕೆ ಭಾಷೆ ಹೆಚ್ಚು ಬೇಕಿಲ್ಲ.

6️⃣ *ಶಿಕ್ಷಕರ ಹತ್ತಿರ ಎರಡು ಮಾತಾಡಿ.* ದೂರು ಬೇಡ, ವಿನಂತಿ ಸಾಕು: "ನಮ್ಮ ಮಗು ಹೊಸದು, ಸ್ನೇಹದ ಸ್ವಭಾವದ ಮಗುವಿನ ಪಕ್ಕ ಕೂರಿಸಿ, ಸಣ್ಣ ಜವಾಬ್ದಾರಿ ಕೊಡಿ." ಪುಸ್ತಕ ಹಂಚುವ ಕೆಲಸ ಕೊಟ್ಟರೂ ಮಗು ಎಲ್ಲರ ಮುಂದೆ ಒಮ್ಮೆ ಹೋಗಿ ಬರುತ್ತದೆ.

7️⃣ *ನೀವೂ ಮಾತಾಡಿ.* ಸಾತಪುರ, ಅಂಬಡದಲ್ಲಿರಲಿ, ವಾಳೂಜ್, ಸಿಡ್ಕೋದಲ್ಲಿರಲಿ, ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದೆ ಬದುಕುವ ನಮ್ಮವರು ಬಹಳ. ನೀವು ಬಾಗಿಲು ಹಾಕಿಕೊಂಡು ಕೂತು ಮಗುವಿಗೆ "ಹೋಗು, ಗೆಳೆಯರನ್ನು ಮಾಡಿಕೋ" ಎಂದರೆ ಹೇಗೆ?

*ಎಷ್ಟು ದಿನ ಕಾಯಬೇಕು?*
ರಾಜ್ಯ ಮಂಡಳಿಯ ಶಾಲೆಗಳು ಸಾಮಾನ್ಯವಾಗಿ ಜೂನ್ ಮಧ್ಯದಲ್ಲಿ ಶುರುವಾಗುತ್ತವೆ. ಮೊದಲ ಕೆಲವು ವಾರ ಅಳು, ಹಟ ಸಹಜ. "ಗಂಡುಮಗ ಅಳ್ತಾನಾ?" ಎಂದು ಹೀಗಳೆಯಬೇಡಿ. ಗಣಪತಿ ಹಬ್ಬ ಬಂದರೂ ಮಗು ಶಾಲೆ ಎಂದರೆ ನಡುಗುತ್ತಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮೈಮೇಲೆ ಗಾಯದ ಗುರುತು ಕಂಡರೆ ಸುಮ್ಮನಿರಬೇಡಿ. ಗಾಯ ಕಂಡರಂತೂ ಅದೇ ದಿನ ಶಾಲೆಯಲ್ಲಿ ವಿಚಾರಿಸಿ, ಮಕ್ಕಳ ವೈದ್ಯರಿಗೆ ತೋರಿಸಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ *14416* ಇದೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಆ ಹುಡುಗನಿಗೆ ನಾನು ಮಾತ್ರೆ ಬರೆಯಲಿಲ್ಲ. ಚೀಟಿಯಲ್ಲಿ ಮೇಲಿನ ಮೂರು ಮರಾಠಿ ವಾಕ್ಯ ಬರೆದುಕೊಟ್ಟೆ. ದಸರೆ ಹೊತ್ತಿಗೆ ತಾಯಿ ಫೋನ್ ಮಾಡಿದರು: "ಡಾಕ್ಟ್ರೇ, ಈಗ ಡಬ್ಬಿ ಖಾಲಿ ಬರ್ತದ. ಇನ್ನೊಂದು ಚಪಾತಿ ಹಾಕು ಅಂತಾನ, ಗೆಳೆಯನಿಗಂತ."

ಇವತ್ತು ರಾತ್ರಿ ಊಟಕ್ಕೆ ಕೂತಾಗ "ಎಷ್ಟು ಮಾರ್ಕ್ಸ್ ಬಂತು?" ಎನ್ನುವ ಮೊದಲು ನಿಮ್ಮ ಮಗುವನ್ನು ಕೇಳಿ: "ಇವತ್ತು ಯಾರ ಜೊತೆ ಕೂತು ತಿಂದೆ?"

ಉಪಯೋಗ ಅನಿಸಿದರೆ ಹೊಸದಾಗಿ ಊರು ಬಿಟ್ಟು ಬಂದ ನಮ್ಮವರಿಗೆ ಕಳಿಸಿ. 🙏