ಮಗುವಿನ ಉಸಿರು: ಸದ್ದಿಗೆ ಹೆದರೋ ಮುಂಚೆ ಒಂದು ನಿಮಿಷ ಎಣಿಸಿ

ಈ ಸಲದ ಮಾತು ಕೋಡಿನ ಬಗ್ಗೆ ಅಲ್ಲ, ಮಕ್ಕಳ ಉಸಿರಾಟದ ಬಗ್ಗೆ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಎಂಟೆಕ್ ಮಾಡಿರೋ ಸಾಫ್ಟ್‌ವೇರ್ ಇಂಜಿನಿಯರ್, ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ, ಅಷ್ಟೆ. ಔಷಧಿ ಹೇಳೋದು ನನ್ನ ಕೆಲಸ ಅಲ್ಲ. ಆದ್ರೆ ಅಜ್ಜಿ ಅಮ್ಮ ಯಾರೂ ಪಕ್ಕದಲ್ಲಿಲ್ಲದೆ ಪುಣೆಯಲ್ಲೋ, ಚೆನ್ನೈನಲ್ಲೋ, ಗುರುಗ್ರಾಮದಲ್ಲೋ ಒಂದು ಫ್ಲ್ಯಾಟಿನಲ್ಲಿ ಮಗು ಸಾಕ್ತಿರೋ ನಮ್ಮಂಥವರಿಗೆ ರಾತ್ರಿ ಎರಡು ಗಂಟೆಗೆ ಬರೋ ಪ್ರಶ್ನೆ ಒಂದೇ. ಈಗಲೇ ಆಸ್ಪತ್ರೆಗೆ ಓಡಬೇಕಾ, ಬೆಳಗಾಗೋವರೆಗೆ ಕಾಯಬಹುದಾ?

ಒಂದೇ ಶೀತಕ್ಕೆ ನಾವು ಸೀನಿ ಆಫೀಸಿಗೆ ಹೋಗ್ತೀವಿ, ಮಗು ಮಾತ್ರ ಉಸಿರಿಗೆ ಒದ್ದಾಡುತ್ತೆ. ಯಾಕೆ? ಉತ್ತರ ಪಿಯುಸಿ ಫಿಸಿಕ್ಸಿನಲ್ಲಿದೆ. ಪ್ವಾಸೇಯ್ ನಿಯಮ ನೆನಪಿದೆಯಲ್ಲ? ಆ ಪ್ವಾಸೇಯ್ ಫ್ರಾನ್ಸಿನ ವೈದ್ಯ. ಸಣ್ಣ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತೆ ಅನ್ನೋ ಕುತೂಹಲದಿಂದ ಸಪೂರ ಕೊಳವೆಗಳ ಮೇಲೆ ಪ್ರಯೋಗ ಮಾಡಿದವನು. ಕೊಳವೆಯಲ್ಲಿ ಹರಿವಿಗೆ ಬರೋ ಅಡ್ಡಿ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮ. ಲೆಕ್ಕ ಹಾಕಿ. ಶ್ವಾಸನಾಳದ ಒಳಗೋಡೆ ಸುತ್ತಲೂ 1 ಮಿಲಿಮೀಟರ್ ಊದಿಕೊಂಡಿತು ಅಂದ್ಕೊಳ್ಳಿ. ದೊಡ್ಡವರ 8 ಮಿಮೀ ನಾಳ 6 ಆಗುತ್ತೆ, ಅಡ್ಡಿ ಸುಮಾರು 3 ಪಟ್ಟು. ಕೂಸಿನ 4 ಮಿಮೀ ನಾಳ 2 ಆಗುತ್ತೆ, ಅಡ್ಡಿ 16 ಪಟ್ಟು! ವೈರಸ್ ಅದೇ, ಊತ ಅಷ್ಟೇ, ವ್ಯಾಸ ಮಾತ್ರ ಬೇರೆ.

ಇನ್ನೊಂದು ವಿಷಯ. ಮಗು ಅತ್ತರೆ ಗಾಳಿ ಜೋರಾಗಿ ನುಗ್ಗಿ ಹರಿವು ಸುಳಿಸುಳಿಯಾಗುತ್ತೆ, ಆಗ ಅಡ್ಡಿ ಇನ್ನೂ ಏರುತ್ತೆ. ಅದಕ್ಕೇ ಉಸಿರು ಕಟ್ಟಿರೋ ಮಗುವನ್ನ ಬಲವಂತವಾಗಿ ಮಲಗಿಸಿ, ಬಾಯಿ ತೆರೆಸಿ ಟಾರ್ಚ್ ಬಿಡಬಾರದು ಅಂತಾರೆ. ಮಡಿಲಲ್ಲಿ ಕೂರಿಸ್ಕೊಂಡು ಸಮಾಧಾನ ಮಾಡೋದು ಬರೀ ಮುದ್ದು ಅಲ್ಲ, ಅಡ್ಡಿ ಕಡಿಮೆ ಮಾಡೋ ಕೆಲಸವೂ ಹೌದು.

ಈಗ ಸದ್ದು. ಮೂಗಿನಲ್ಲಿ, ಗಂಟಲಲ್ಲಿ ಗೊರಗೊರ ಅಂದರೆ ಬಹಳ ಸಲ ಅದು ಸಿಂಬಳ ಅಷ್ಟೆ. ಮೊದಲ ಕೆಲವು ತಿಂಗಳು ಕೂಸುಗಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡೋದರಿಂದ ಅಷ್ಟಕ್ಕೇ ಹಾಲು ಕುಡಿಯೋಕೆ ಕಷ್ಟಪಡುತ್ತವೆ. ಸಲೈನ್ ಡ್ರಾಪ್ಸ್ ಹಾಕಿದರೆ ಸುಮಾರು ಸಲ ಸರಿಹೋಗುತ್ತೆ. ಉಸಿರು ಬಿಡುವಾಗ ಎದೆಯಿಂದ ಸುಂಯ್ ಅನ್ನೋ ಸಿಳ್ಳೆ ಬಂದರೆ ಅದು ವೀಜ್, ಅಡ್ಡಿ ಇರೋದು ಕೆಳಗಿನ ಸಣ್ಣ ನಾಳಗಳಲ್ಲಿ. ಉಸಿರು ಎಳೆಯುವಾಗ ಕರ್ಕಶ ಸದ್ದು ಬಂದರೆ ಸ್ಟ್ರೈಡರ್, ಅಡ್ಡಿ ಮೇಲೆ, ಧ್ವನಿಪೆಟ್ಟಿಗೆಯ ಹತ್ತಿರ. ರಾತ್ರಿ ಇದ್ದಕ್ಕಿದ್ದಂತೆ ನಾಯಿ ಬೊಗಳಿದ ಹಾಗೆ ಕೆಮ್ಮು, ಜೊತೆಗೆ ಸ್ಟ್ರೈಡರ್ ಬರೋದು ಕ್ರೂಪ್. ಡಾಕ್ಟರ್ ಸಾಮಾನ್ಯವಾಗಿ ಒಂದೇ ಒಂದು ಡೋಸ್ ಸ್ಟೀರಾಯ್ಡ್ ಕೊಡ್ತಾರೆ. ಆ ಹೆಸರು ಕೇಳಿ ಹೆದರಬೇಡಿ. ಮಗು ಸುಮ್ಮನೆ ಕೂತಿದ್ದಾಗಲೂ ಸ್ಟ್ರೈಡರ್ ಕೇಳಿಸ್ತಿದ್ದರೆ ಬೆಳಗಾಗೋದನ್ನ ಕಾಯಬೇಡಿ.

ಆದ್ರೆ ಸದ್ದು ಮೋಸ ಮಾಡುತ್ತೆ. ಜೋರು ಗೊರಗೊರ ಇದ್ದ ಮಗು ಆಟ ಆಡ್ಕೊಂಡು ಇರಬಹುದು, ಸದ್ದೇ ಇಲ್ಲದ ಮಗುವಿಗೆ ನ್ಯುಮೋನಿಯಾ ಇರಬಹುದು. ಅದಕ್ಕೆ ಎಣಿಸಿ. ಅಂಗಿ ಎತ್ತಿ, ಹೊಟ್ಟೆ ಎದೆ ಏರಿಳಿಯೋದನ್ನ ಪೂರ್ತಿ ಒಂದು ನಿಮಿಷ ನೋಡಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋ ಶಾರ್ಟ್‌ಕಟ್ ಬೇಡ, ಕೂಸುಗಳ ಉಸಿರು ಒಂದೇ ಲಯದಲ್ಲಿ ಇರಲ್ಲ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಗಡಿ ಹೀಗಿದೆ: 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳವರೆಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ನಮ್ಮೂರಿನ ಆಶಾ ಕಾರ್ಯಕರ್ತೆಯರಿಗೂ ಉಸಿರು ಎಣಿಸೋದನ್ನೇ ಕಲಿಸ್ತಾರೆ. ಜ್ವರ ಇದ್ದರೂ ಉಸಿರು ಏರುತ್ತೆ, ಆದ್ದರಿಂದ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಗಡಿ ದಾಟಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. 2 ತಿಂಗಳೊಳಗಿನ ಕೂಸಾದರೆ ಇನ್ನೊಮ್ಮೆ ಎಣಿಸಿ ಖಾತ್ರಿ ಮಾಡ್ಕೊಂಡು ನೇರ ಆಸ್ಪತ್ರೆಗೇ ಹೋಗಿ.

ಎಣಿಕೆ ಎಷ್ಟೇ ಇರಲಿ, ಪಕ್ಕೆಲುಬಿನ ಕೆಳಗೆ ಎದೆ ಗುಳಿ ಬೀಳ್ತಿದ್ದರೆ, ಪ್ರತಿ ಉಸಿರಿಗೂ ಮುಲುಗುತ್ತಿದ್ದರೆ, ಹಾಲು ನೀರು ಕುಡಿಯಕ್ಕೆ ಆಗ್ತಿಲ್ಲ ಅಂದರೆ, ತುಟಿ ನೀಲಿಯಾಗಿದ್ದರೆ, ಮಂಕಾಗಿ ತೂಗಾಡ್ತಿದ್ದರೆ, ಉಸಿರು ನಡುನಡುವೆ ನಿಂತು ನಿಂತು ಬರ್ತಿದ್ದರೆ ಎಣಿಸ್ತಾ ಕೂರಬೇಡಿ. 108 ಅಥವಾ 112, ಇಲ್ಲವೇ ಕೈಗೆ ಸಿಕ್ಕಿದ ಕ್ಯಾಬ್.

ಕೋವಿಡ್ ಕಾಲದ ಆಕ್ಸಿಮೀಟರ್ ಮನೆಯಲ್ಲಿದೆ, 97 ತೋರಿಸ್ತಿದೆ, ಹಾಗಾದ್ರೆ ಚಿಂತೆ ಇಲ್ಲ ಅಲ್ವಾ ಅಂತ ಕೇಳ್ತೀರಿ. ಅಷ್ಟು ಸುಲಭ ಅಲ್ಲ. ದೊಡ್ಡವರ ಆಕ್ಸಿಮೀಟರ್ ಪುಟ್ಟ ಬೆರಳಿಗೆ ಸರಿಯಾಗಿ ಕೂರೋದೂ ಇಲ್ಲ. ಕೂತರೂ, ಮಗು ಬೇಗಬೇಗ ಉಸಿರಾಡಿ ಆಕ್ಸಿಜನ್ ಮಟ್ಟವನ್ನ ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತೆ. ಸರ್ವರ್ ಬೀಳೋ ಮುಂಚೆ ರೆಸ್ಪಾನ್ಸ್ ಎಲ್ಲ ಸರಿಯಾಗೇ ಬರ್ತಿರುತ್ತೆ, ಸಿಪಿಯು ಮಾತ್ರ 95ಕ್ಕೆ ಏರಿರುತ್ತಲ್ಲ, ಹಾಗೆ. ಉಸಿರಿನ ಎಣಿಕೆ ಆ ಸಿಪಿಯು ಗ್ರಾಫ್.

ಎರಡು ವರ್ಷದೊಳಗಿನ ಮಕ್ಕಳಲ್ಲಿ ವೀಜ್ ಬಂದಾಗ ಬಹಳ ಸಲ ಕೇಳೋ ಹೆಸರು ಬ್ರಾಂಕಿಯೋಲೈಟಿಸ್, ಹೆಚ್ಚಾಗಿ ಆರ್‌ಎಸ್‌ವಿ ವೈರಸ್‌ನಿಂದ ಬರುತ್ತೆ. ಮೊದಲು ಶೀತ, ಆಮೇಲೆ ಮೂರರಿಂದ ಐದನೇ ದಿನದ ಹೊತ್ತಿಗೆ ತೀರಾ ಜೋರಾಗಿ, ನಂತರ ಇಳಿಯುತ್ತೆ. ಎರಡನೇ ದಿನ ಡಾಕ್ಟರ್ “ಪರವಾಗಿಲ್ಲ” ಅಂದಿದ್ದು ನಾಲ್ಕನೇ ದಿನಕ್ಕೂ ಅನ್ವಯ ಆಗುತ್ತೆ ಅಂದ್ಕೋಬೇಡಿ, ಮತ್ತೆ ಎಣಿಸಿ. ಇದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡಲ್ಲ. ಡಾಕ್ಟರ್ ಏನೂ ಬರೆದುಕೊಡಲಿಲ್ಲ ಅಂತ ಇನ್ನೊಬ್ಬರ ಹತ್ತಿರ ಓಡೋ ಅಭ್ಯಾಸ ನಮ್ಮಲ್ಲಿ ಇದೆ. ಬರೆಯದೇ ಇದ್ದವರೇ ಸರಿಯಾದ ಡಾಕ್ಟರ್ ಇರಬಹುದು.

ಶೀತ ಜ್ವರ ಏನೂ ಇಲ್ಲದೆ, ಆಡ್ತಾ ಆಡ್ತಾ ಇದ್ದಕ್ಕಿದ್ದ ಹಾಗೆ ಕೆಮ್ಮಿ ವೀಜ್ ಶುರುವಾದರೆ ಕಡಲೆಕಾಯಿ ಬೀಜದ ಮೇಲೆ ಅನುಮಾನ ಇರಲಿ. ಕೆಮ್ಮು ನಿಂತರೂ ಬೀಜ ಶ್ವಾಸನಾಳದೊಳಗೆ ಕೂತಿರಬಹುದು. ಬಾಯಿಗೆ ಬೆರಳು ಹಾಕಿ ಕುರುಡಾಗಿ ಹುಡುಕಬೇಡಿ, ಇನ್ನೂ ಒಳಗೆ ಹೋಗುತ್ತೆ.

ಅಸ್ತಮಾ ವಿಷಯಕ್ಕೆ ಬಂದರೆ, ಊರಿಂದ ಬರೋ ಮೊದಲ ಫೋನ್ “ಪಂಪ್ ಹಾಕಿಸ್ಬೇಡ್ರಪ್ಪಾ, ಮಗೂಗೆ ಚಟ ಆಗುತ್ತೆ” ಅಂತ. ಲೆಕ್ಕ ನೋಡಿ. ಸಾಲ್ಬುಟಮಾಲ್ ಇನ್ಹೇಲರಿನ ಒಂದು ಪಫ್ 100 ಮೈಕ್ರೋಗ್ರಾಂ. ಅದೇ ಔಷಧಿಯ ಸಿರಪ್ 5 ಎಂಎಲ್‌ನಲ್ಲಿ 2 ಮಿಲಿಗ್ರಾಂ, ಅಂದರೆ 20 ಪಟ್ಟು, ಅದೂ ಹೊಟ್ಟೆಯಿಂದ ಇಡೀ ಮೈಗೆ ಸುತ್ತಿ ಬಂದು. ಸ್ಪೇಸರ್, ಮಾಸ್ಕ್ ಹಾಕಿ ಕೊಟ್ಟ ಪಫ್ ನೇರ ಬೇಕಾದ ಜಾಗಕ್ಕೆ ಹೋಗುತ್ತೆ, ಚಟ ಹಿಡಿಸಲ್ಲ. ಹೈದರಾಬಾದಿನವರಿಗೆ ಗೊತ್ತು, ಪ್ರತಿ ಜೂನ್‌ನಲ್ಲಿ ಮೃಗಶಿರ ಕಾರ್ತಿ ದಿನ ನಾಂಪಲ್ಲಿಯಲ್ಲಿ ಮೀನಿನ ಪ್ರಸಾದಕ್ಕೆ ಸಾಲು ನಿಲ್ಲುತ್ತೆ. ನಂಬಿಕೆ ಅವರವರದ್ದು. ಆದ್ರೆ ಅದರಿಂದ ಅಸ್ತಮಾ ವಾಸಿಯಾಗುತ್ತೆ ಅನ್ನೋದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಅದನ್ನ ನಂಬಿ ಮಗುವಿನ ಇನ್ಹೇಲರ್ ನಿಲ್ಲಿಸಬೇಡಿ.

ಕೆಮ್ಮಿನ ಸಿರಪ್ ಬಗ್ಗೆ ಚಿಕ್ಕದಾಗಿ. ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಎರಡೂ ಸೇರಿದ ಶೀತದ ಔಷಧಿಯನ್ನ 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲೇ ಹೇಳಿದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಕಿಡ್ನಿ ಕೆಟ್ಟು ಸತ್ತರು. ಮೆಡಿಕಲ್ ಶಾಪಿನವರನ್ನ ಕೇಳಿ ತಂದ ಬಾಟಲಿ ಮಗುವಿಗೆ ಬೇಡ. ಒಂದು ವರ್ಷ ದಾಟಿದ ಮಗುವಿಗೆ ಒಂದು ಚಮಚ ಜೇನುತುಪ್ಪ ಕೊಡಬಹುದು, ಅದಕ್ಕಿಂತ ಚಿಕ್ಕದಕ್ಕೆ ಜೇನೂ ಬೇಡ.

ಕೊನೆಗೆ ನಮ್ಮ ಸ್ಪೆಷಲ್ ಸಮಸ್ಯೆ, ಭಾಷೆ. ಹೈದರಾಬಾದಿನ ನರ್ಸ್ “ಆಯಾಸಂ ಉಂದಾ” ಅಂತ ಕೇಳಿದರೆ ಮಗುವಿಗೆ ಸುಸ್ತಾ ಅಂತ ಅಲ್ಲ, ಉಸಿರು ಕಟ್ಟುತ್ತಾ ಅಂತ ಕೇಳ್ತಿರೋದು. ದೆಹಲಿಯಲ್ಲಿ “ಪಸಲೀ ಚಲ್ ರಹೀ ಹೈ” ಅಂದರೆ ಪಕ್ಕೆ ಒಳಕ್ಕೆ ಸೆಳೀತಿದೆ ಅಂತ. ಚೆನ್ನೈನಲ್ಲಿ “ಮೂಚ್ಚು ವಾಂಗುದು”, ಪುಣೆ ಮುಂಬೈನಲ್ಲಿ “ಧಾಪ ಲಾಗತೇ” ಅಂದರೆ ಏದುಸಿರು. ಇಷ್ಟೂ ನೆನಪಿಲ್ಲದಿದ್ದರೂ ವಯಸ್ಸು, ತೂಕ, ಜ್ವರ ಎಷ್ಟು, ಉಸಿರು ನಿಮಿಷಕ್ಕೆ ಎಷ್ಟು ಅಂತ ನಾಲ್ಕು ನಂಬರ್ ಫೋನಿನಲ್ಲಿ ಬರೆದುಕೊಳ್ಳಿ. ಅಂಗಿ ಎತ್ತಿದ ಎದೆಯ ಅರ್ಧ ನಿಮಿಷದ ವಿಡಿಯೋ, ಸದ್ದು ಕೇಳೋ ಹಾಗೆ, ಟಿವಿ ಆಫ್ ಮಾಡಿ ತಗೊಳ್ಳಿ. ಆಸ್ಪತ್ರೆ ತಲುಪೋ ಹೊತ್ತಿಗೆ ಆ ಸದ್ದು ನಿಂತಿರಬಹುದು, ಡಾಕ್ಟರಿಗೆ ವಿಡಿಯೋ ತೋರಿಸಬಹುದು.